ಮಂಜಿಗೆ ತಂದ ಟ್ರೈಪಾಡ್ ಮರಳಿಗೆ ಹೋದ ಕಥೆ: 3 ವರ್ಷದ ಬಳಕೆ

ಮಡಿಕೇರಿಯವನಿಗೆ ಮರಳು ದಿಬ್ಬದ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಈ ಕಾರ್ಬನ್ ಫೈಬರ್ ಟ್ರೈಪಾಡ್ ಕೊಂಡಿದ್ದೇ ನಮ್ಮೂರ ಹತ್ತಿರದ ಮಾಂದಲಪಟ್ಟಿ ಬೆಟ್ಟದ ಮಂಜಿಗಾಗಿ. ಮೂರು ಮಳೆಗಾಲ ಕಂಡಿದೆ. ಅಲ್ಲಿನ ಗಾಳಿಗೆ ನಾನು ವಾಲಿದರೂ ಇದು ವಾಲಿಲ್ಲ. ತೂಕ ಒಂದೂವರೆ ಕೆಜಿ, ಹೆಗಲಿಗೆ ಭಾರ ಅನ್ನಿಸುವುದಿಲ್ಲ. ಆ ಮಟ್ಟಿಗೆ ದೂರಿಲ್ಲ. ಇದರ ಹುಳುಕು ಹೊರಬಿದ್ದಿದ್ದು ರಾಜಸ್ಥಾನದಲ್ಲಿ.

ಜೈಸಲ್ಮೇರ್‌ನಿಂದ ಸುಮಾರು 40 ಕಿ.ಮೀ. ದೂರದ ಸಮ್ ದಿಬ್ಬಗಳಿಗೆ ಎರಡು ಸಲ ಹೋಗಿಬಂದೆ. ಅಲ್ಲಿ ಬೆಳಕು ಯಾರನ್ನೂ ಕಾಯುವುದಿಲ್ಲ. ಸೂರ್ಯ ಹುಟ್ಟಿ ಅರ್ಧ ಮುಕ್ಕಾಲು ಗಂಟೆ ಅಡ್ಡ ಬಿಸಿಲು ಬೀಳುತ್ತದೆ. ಆಗ ಮರಳಿನ ಒಂದೊಂದು ಅಲೆಗೂ ಒಂದೊಂದು ನೆರಳು. ಬೆಳಗ್ಗೆ ಕಣದಲ್ಲಿ ಕಾಫಿ ಎಳೆದಾಗ ಗೆರೆ ಏಳುತ್ತದಲ್ವಾ, ಹಾಗೇ. ಬಿಸಿಲು ನೆತ್ತಿಗೆ ಬಂತೋ, ಎಲ್ಲ ಚಪ್ಪಟೆ. ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಮಂಜಿನಲ್ಲಿ ಮೋಸ ಹೋಗುವಂತೆ ಹೊಳೆಯುವ ಮರಳಿನಲ್ಲೂ ಹೋಗುತ್ತದೆ, ಬಿಳುಪನ್ನು ಬೂದು ಬಣ್ಣ ಮಾಡಿಬಿಡುತ್ತದೆ. ಒಂದು ಸ್ಟಾಪ್ ಜಾಸ್ತಿ, ಅಂದರೆ ಎರಡರಷ್ಟು ಬೆಳಕು ಕೊಡುವುದು ನನಗೆ ಊರಲ್ಲೇ ರೂಢಿ.

ಗಾಳಿ ಎದ್ದ ಮೇಲೆ ಬೇರೆಯೇ ಆಟ. ಓಡುವ ಮರಳು ಹೆಚ್ಚಾಗಿ ಮೊಣಕಾಲಿನ ಕೆಳಗೇ ಓಡುತ್ತದೆ. ಎದೆಮಟ್ಟದ ಕ್ಯಾಮೆರಾಗಿಂತ ಟ್ರೈಪಾಡ್ ಕಾಲಿಗೇ ಪೆಟ್ಟು ಜಾಸ್ತಿ. ನನ್ನದರಲ್ಲಿ ಕಾಲಿನ ಉದ್ದ ಬಿಗಿಯಲು ಇರುವುದು ತಿರುಗಿಸುವ ಲಾಕ್. ಎರಡನೇ ದಿನ ಸಂಜೆ ತಿರುಗಿಸಿದರೆ ಕಲ್ಲು ಸಿಕ್ಕ ಅನ್ನ ಅಗಿದಂತೆ ಕರಕರ ಸದ್ದು. ಮೂರನೇ ದಿನ ಒಂದು ಕಾಲು ಹಿಡಿದೇಬಿಟ್ಟಿತು. ಒಂದು ಕಾಲು ಉದ್ದ, ಎರಡು ಗಿಡ್ಡ. ಹಾಗೇ ದಿಬ್ಬದ ಇಳಿಜಾರಿನಲ್ಲಿ ನಿಲ್ಲಿಸಿ ತೆಗೆದ ಫೋಟೋನೇ ಆ ಟ್ರಿಪ್‌ನಲ್ಲಿ ಚೆನ್ನಾಗಿ ಬಂದಿದ್ದು, ಅದು ಬೇರೆ ಮಾತು.

ಸರ್ವಿಸ್ ಸೆಂಟರಿಗೆ ಕಳಿಸಿದೆ. ಐದು ವಾರ ಇಟ್ಟುಕೊಂಡು, ಮರಳು ವಾರಂಟಿಗೆ ಬರಲ್ಲ ಅಂತ ಬಿಚ್ಚದೇ ವಾಪಸ್ ಕಳಿಸಿದರು. ಸಿಟ್ಟಿನಲ್ಲಿ ಜಗಲಿಯ ಮೇಲೆ ಪೇಪರ್ ಹಾಸಿ ನಾನೇ ಬಿಚ್ಚಿದೆ. ಒಳಗೆ ಉಗುರಿನಷ್ಟು ತೆಳುವಾದ ಎರಡು ಪ್ಲಾಸ್ಟಿಕ್ ಚಿಪ್ಪು, ಸುತ್ತ ಗ್ರೀಸ್ ಮರಳು ಕಲೆತು ಗಟ್ಟಿಯಾದ ಹಳದಿ ಮುದ್ದೆ. ಹಳೇ ಟೂತ್‌ಬ್ರಶ್, ನಲ್ಲಿ ನೀರು, ಒಂದು ರಾತ್ರಿ ಒಲೆಯ ಹತ್ತಿರ ಒಣಗಿಸಿದ್ದು, ಬೆಳಗ್ಗೆ ಚೂರೇ ಚೂರು ಹೊಸ ಗ್ರೀಸ್. ಅಷ್ಟೇ ಕೆಲಸ. ಬಿಚ್ಚುವಾಗ ಚಿಪ್ಪು ಹಾರಿ ಕಾಫಿಗಿಡದ ಬುಡಕ್ಕೆ ಹೋದರೆ ಸಿಗುವುದಿಲ್ಲ, ಹುಷಾರು.

ಎರಡನೇ ಸಲ ಬುದ್ಧಿ ಬಂದಿತ್ತು. ಪ್ರತಿ ಕಾಲಿನ ಎಲ್ಲಕ್ಕಿಂತ ಕೆಳಗಿನ ತೆಳು ತುಂಡನ್ನೇ ಮೊದಲು ಪೂರ್ತಿ ಎಳೆದೆ. ಹಾಗೆ ಮಾಡಿದರೆ ಲಾಕ್ ಮರಳಿನಿಂದ ಮೇಲೇ ಇರುತ್ತದೆ. ಟ್ರೈಪಾಡ್ ಅಲುಗದಿರಲಿ ಅಂತ ನಡುವಿನ ಕೊಕ್ಕೆಗೆ ಬ್ಯಾಗ್ ಸಿಕ್ಕಿಸಿದರೆ ಬ್ಯಾಗಿನ ತಳ ನೆಲಕ್ಕೆ ತಾಗಿರಬೇಕು, ಇಲ್ಲಾಂದ್ರೆ ಗಾಳಿಗೆ ಉಯ್ಯಾಲೆ ಆಡಿ ಫೋಟೋ ಕೆಡಿಸುತ್ತದೆ.

ಮತ್ತೆ ಕೊಳ್ಳುತ್ತೀಯಾ ಅಂದ್ರೆ, ಊರಿಗೆ ಇದೇ ಸಾಕು. ಬರೀ ಮರಳಿಗಾದರೆ ಎತ್ತಿ ಒತ್ತುವ ಲಾಕ್ ಇರುವುದು ತಗೊಳ್ಳಿ. ಐದಕ್ಕೆ ಮೂರೂವರೆ ಕೊಡುತ್ತೇನೆ.

ಹಾಂ, ಇನ್ನೊಂದು. ಮಳೆಗಾಲದಲ್ಲಿ ತೋಟಕ್ಕೆ ಹಾಕುವ ಜಿಗಣೆ ಸಾಕ್ಸ್ ಈ ಕಾಲುಗಳಿಗೆ ಸರಿಯಾಗಿ ಹೊಂದುತ್ತದೆ. ಲಾಕ್‌ನ ಮೇಲೆ ದಾರ ಬಿಗಿದರೆ ಮರಳು ಒಳಗೆ ನುಗ್ಗುವುದು ತೀರಾ ಕಮ್ಮಿ. ಕಾಲು ಮೂರು, ಹಾಗಾಗಿ ಎರಡು ಜೊತೆ ಬೇಕು. ಉಳಿದ ಒಂಟಿ ಸಾಕ್ಸ್‌ನಲ್ಲಿ ಈಗ ಲೆನ್ಸಿನ ಧೂಳು ಊದುವ ಬ್ಲೋವರ್ ಇದೆ.