ಕ್ಯೂಪರ್ಟಿನೋನಾ, ಫ್ರೀಮಾಂಟಾ? ಮಗಳ ಹೈಸ್ಕೂಲಿಗೆ ಮನೆ ಹುಡುಕುವಾಗ

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಿ. ಕ್ಯಾಲಿಫೋರ್ನಿಯಾದ ‘ಫ್ರೀಮಾಂಟ್ ಯೂನಿಯನ್’ ಹೈಸ್ಕೂಲ್ ಡಿಸ್ಟ್ರಿಕ್ಟ್ (ಅಂದರೆ ಆ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ) ಇರುವುದು ಕ್ಯೂಪರ್ಟಿನೋ, ಸನ್ನಿವೇಲ್ ಕಡೆ. ಫ್ರೀಮಾಂಟ್ ಊರಿನದು ‘ಫ್ರೀಮಾಂಟ್ ಯೂನಿಫೈಡ್’.

ಫೀಸು ಎರಡೂ ಕಡೆ ಇಲ್ಲ, ಆದರೆ ಮನೆ ಬಾಡಿಗೆಯಲ್ಲೇ ಅದು ಬಂದುಬಿಡುತ್ತದೆ, ಅಲ್ವಾ? ಕ್ಯೂಪರ್ಟಿನೋದಲ್ಲಿ ಜಾಸ್ತಿ. ಫ್ರೀಮಾಂಟಿನಲ್ಲಿ ಮಿಷನ್ ಸ್ಯಾನ್ ಹೊಸೆ ಭಾಗವೂ ಅಗ್ಗವಲ್ಲ. ಸಾಮಾನ್ಯವಾಗಿ ಮನೆ ವಿಳಾಸವೇ ಶಾಲೆ ತೀರ್ಮಾನಿಸುತ್ತದೆ. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಡೋರ್ ನಂಬರ್ ಸಮೇತ ಡಿಸ್ಟ್ರಿಕ್ಟಿನಲ್ಲಿ ಕೇಳಿ.

ಚಿಕ್ಕ ಮಗನೂ ಇದ್ದರೆ ಫ್ರೀಮಾಂಟ್ ಸಲೀಸು. ಅಲ್ಲಿ 12ನೇ ತರಗತಿವರೆಗೂ ಒಂದೇ ಡಿಸ್ಟ್ರಿಕ್ಟ್. ಕ್ಯೂಪರ್ಟಿನೋದಲ್ಲಿ 8ರವರೆಗೆ ಬೇರೆ, 9ರಿಂದ ಬೇರೆ.

ಕ್ಯೂಪರ್ಟಿನೋದ ಮೋಂಟಾ ವಿಸ್ಟಾ, ಫ್ರೀಮಾಂಟಿನ ಮಿಷನ್ ಸ್ಯಾನ್ ಹೊಸೆ ಹೈಸ್ಕೂಲು ಎರಡರಲ್ಲೂ ಓದಿನ ಪೈಪೋಟಿ ಜೋರು. ಮಗಳಿಗೆ ಅದು ಇಷ್ಟವಾದರೆ ಸರಿ. ಚಿಂತೆಯಲ್ಲಿ ರಾತ್ರಿ ನಿದ್ದೆಗೆಡುವ ಸ್ವಭಾವದವಳಾದರೆ ಕ್ಯೂಪರ್ಟಿನೋದ ಹೋಮ್‌ಸ್ಟೆಡ್, ಫ್ರೀಮಾಂಟಿನ ವಾಷಿಂಗ್ಟನ್ ಹೈಸ್ಕೂಲುಗಳನ್ನೂ ಅವಳ ಜೊತೆಗೇ ಹೋಗಿ ನೋಡಿ.