ಓಡುವ ಮುಖಕ್ಕೆ ಬ್ಲರ್: ಡಾವಿಂಚಿ ರಿಸಾಲ್ವ್ ಜೊತೆ ಮೂರು ವರ್ಷ

ಮೂರು ವರ್ಷದಿಂದ ನಮ್ಮ ಸುತ್ತಮುತ್ತಲ ಶಾಲೆಗಳ ಕ್ರೀಡಾಕೂಟ, ವಾರ್ಷಿಕೋತ್ಸವಗಳ ವಿಡಿಯೋ ಮಾಡಿಕೊಡುತ್ತಿದ್ದೇನೆ. ಎಡಿಟಿಂಗ್ ಎಲ್ಲಾ ಡಾವಿಂಚಿ ರಿಸಾಲ್ವ್‌ನ ಫ್ರೀ ಆವೃತ್ತಿಯಲ್ಲೇ. ಪ್ರತಿ ಸಲವೂ ಒಂದಿಬ್ಬರು ತಾಯಂದಿರು ಬಂದು, "ನಮ್ಮ ಮಗು ಮುಖ ಯೂಟ್ಯೂಬಲ್ಲಿ ಕಾಣೋದು ಬೇಡ ಸರ್" ಅನ್ನುತ್ತಾರೆ. ನಾನು ಕಾರಣ ಕೇಳುವುದಿಲ್ಲ. ಬೇಡ ಅಂದರೆ ಬೇಡ, ಅಷ್ಟೇ. ಹಾಗಾಗಿ ಈ ವಿಮರ್ಶೆ ಮುಖ ಬ್ಲರ್ ಮಾಡುವ ಆ ಒಂದು ಕೆಲಸದ ಬಗ್ಗೆ ಮಾತ್ರ.

ಮೊದಲು ಮೊಬೈಲಿನ ಒಂದು ಆ್ಯಪ್ ಬಳಸುತ್ತಿದ್ದೆ. ಬ್ಲರ್ ಇಟ್ಟ ಜಾಗದಲ್ಲೇ ಇರುತ್ತಿತ್ತು, ಮಗು ಮುಂದೆ ಓಡಿಬಿಡುತ್ತಿತ್ತು. ಬೆರಳಲ್ಲಿ ಎಳೆದು ಎಳೆದು ಒಂದು ನಿಮಿಷದ ವಿಡಿಯೋಗೆ ಇಡೀ ಸಂಜೆ ಹೋಗುತ್ತಿತ್ತು.

ರಿಸಾಲ್ವ್‌ನಲ್ಲಿ ಕಲರ್ ಪೇಜಿಗೆ ಹೋಗಿ ಹೊಸ ನೋಡ್ ಹಾಕಬೇಕು, ಅಂದರೆ ಬ್ಲರ್ ಥರದ ಒಂದು ಬದಲಾವಣೆಗೆ ಬೇರೆಯದೇ ಪೆಟ್ಟಿಗೆ. ಬ್ಲರ್ ಎಲ್ಲಿ ಬೀಳಬೇಕು ಅಂತ ಗುರುತು ಹಾಕುವ ಪವರ್ ವಿಂಡೋದಲ್ಲಿ ವೃತ್ತ ತೆಗೆದುಕೊಂಡು ಮುಖದ ಮೇಲೆ ಕೂರಿಸಿ, ಟ್ರ್ಯಾಕ್ ಒತ್ತಿದರೆ ವೃತ್ತ ಮುಖದ ಜೊತೆಗೇ ಹೋಗುತ್ತದೆ. ಮುಖ ಹತ್ತಿರ ಬಂದಷ್ಟೂ ದೊಡ್ಡದಾಗುತ್ತದೆ, ತಲೆ ವಾಲಿದರೆ ಅದೂ ವಾಲುತ್ತದೆ. ಕ್ಲಿಪ್‌ನ ಮೊದಲ ಫ್ರೇಮಿನಿಂದಲೇ ಶುರು ಮಾಡಬೇಕು ಅಂತೇನಿಲ್ಲ. ಮುಖ ಎಲ್ಲಿ ದೊಡ್ಡದಾಗಿ, ಚೆನ್ನಾಗಿ ಕಾಣುತ್ತದೋ ಅಲ್ಲಿ ನಿಲ್ಲಿಸಿ, ಮುಂದಕ್ಕೂ ಹಿಂದಕ್ಕೂ ಟ್ರ್ಯಾಕ್ ಮಾಡಿ. ತುಂಬಾ ವ್ಯತ್ಯಾಸ ಆಗುತ್ತದೆ.

ಕಷ್ಟ ಬರುವುದು ಮಧ್ಯೆ ಏನಾದರೂ ಅಡ್ಡ ಬಂದಾಗ. ಕಳೆದ ವರ್ಷ ನೂರು ಮೀಟರ್ ಓಟದಲ್ಲಿ ಒಬ್ಬ ಹುಡುಗಿ ಪಿಟಿ ಮೇಷ್ಟ್ರ ಹಿಂದೆ ಹಾದು ಹೋದಳು. ಹನ್ನೆರಡು ಫ್ರೇಮ್. ಸೆಕೆಂಡಿಗೆ 25 ಫ್ರೇಮ್ ಇರುವ ವಿಡಿಯೋದಲ್ಲಿ ಅರ್ಧ ಸೆಕೆಂಡೂ ಆಗಲಿಲ್ಲ. ಅಷ್ಟರಲ್ಲಿ ವೃತ್ತ ಮೇಷ್ಟ್ರ ಬಿಳಿ ಟೋಪಿಗೆ ಅಂಟಿಕೊಂಡಿತು. ಆಚೆ ಕಡೆಯಿಂದ ಹುಡುಗಿ ಬಂದಳು, ಪೂರ್ತಿ ಮುಖ ಬಯಲು. ಈ ಟ್ರ್ಯಾಕರ್‌ಗೆ ಮುಖ ಅಂದರೆ ಏನು ಅಂತ ಗೊತ್ತಿಲ್ಲ. ವೃತ್ತದೊಳಗಿನ ಗುರುತುಗಳನ್ನು ಹಿಡಿದುಕೊಂಡು ಹೋಗುತ್ತದೆ, ಅಷ್ಟೇ. ಇಂಥ ಕಡೆ ಟ್ರ್ಯಾಕರ್‌ನಲ್ಲಿ ಕ್ಲಿಪ್ ಬದಲು ಫ್ರೇಮ್ ಅನ್ನುವುದನ್ನು ಆರಿಸಿ, ಕೆಟ್ಟ ಭಾಗ ಅಳಿಸಿ, ವೃತ್ತವನ್ನು ಕೈಯಲ್ಲೇ ಸರಿಸಬೇಕು. ನಾಲ್ಕೈದು ಫ್ರೇಮಿಗೊಮ್ಮೆ ಸರಿಸಿದರೆ ಸಾಕು, ನಡುವಿನದನ್ನು ಅದೇ ತುಂಬಿಕೊಳ್ಳುತ್ತದೆ.

ವೃತ್ತವನ್ನು ಮುಖಕ್ಕಿಂತ ದೊಡ್ಡದಾಗಿಯೇ ಇಡಿ. ಅಂಚು ಮೃದುವಾಗಿದ್ದರೆ ನೋಡಲು ಚೆಂದ, ಆದರೆ ಆ ಅಂಚಿನಲ್ಲೇ ಗಲ್ಲ, ಕಿವಿ ಇಣುಕುತ್ತವೆ. ಬ್ಲರ್ ಕೂಡ ಧಾರಾಳವಾಗಿ ಹಾಕಿ. ಕಲರ್ ಪೇಜಿನ ಬ್ಲರ್ ಸಾಲದು ಅನ್ನಿಸಿದರೆ ಎಫೆಕ್ಟ್‌ಗಳಿಂದ ಗಾಸಿಯನ್ ಬ್ಲರ್ ಎಳೆದು ನೋಡ್ ಮೇಲೆ ಹಾಕುತ್ತೇನೆ. ಗಾಡಿಯ ನಂಬರ್ ಪ್ಲೇಟ್ ಆದರೆ ಬ್ಲರ್ ಬೇಡವೇ ಬೇಡ, ಪೂರ್ತಿ ಕಪ್ಪು ಪಟ್ಟಿ ಮುಚ್ಚಿ. ತೆಳು ಬ್ಲರ್ ಹಿಂದಿನ ಅಂಕಿಗಳನ್ನು ಊಹಿಸಬಹುದು.

ಒಂದು ಕ್ಲಿಕ್‌ನಲ್ಲಿ ಆಳನ್ನೇ ಗುರುತಿಸುವ ಮ್ಯಾಜಿಕ್ ಮಾಸ್ಕ್ ಬೇಕಿದ್ದರೆ ಸ್ಟುಡಿಯೋ ಆವೃತ್ತಿ ಕೊಳ್ಳಬೇಕು. ಅಮೆರಿಕದ ಬೆಲೆ 295 ಡಾಲರ್, ತಿಂಗಳ ಚಂದಾ ಇಲ್ಲ. ನನ್ನ ಕೆಲಸಕ್ಕೆ ಇದುವರೆಗೂ ಫ್ರೀ ಸಾಕಾಗಿದೆ. ಲ್ಯಾಪ್‌ಟಾಪಿಗೆ ಮಾತ್ರ 16 ಜಿಬಿ ರ್‍ಯಾಮ್ ಇರಲಿ. ನಾನು 8ರಲ್ಲಿ ಒಂದು ವರ್ಷ ಒದ್ದಾಡಿದ್ದೇನೆ.

ಇನ್ನೊಂದು ಮಾತು, ಇದು ಸಾಫ್ಟ್‌ವೇರಿನದ್ದಲ್ಲ. ಮುಖ ಮುಚ್ಚಿ ಮುಗಿಸಿದ ಮೇಲೆ ಆಡಿಯೋನೂ ಕೇಳಿ. ಬಹುಮಾನ ಕೊಡುವಾಗ ಮೈಕಲ್ಲಿ ಮಗುವಿನ ಹೆಸರು, ತರಗತಿ ಎರಡನ್ನೂ ಕೂಗಿರುತ್ತಾರೆ.

ಆ ಓಟದ ವಿಡಿಯೋ ಹಾಕುವ ಮೊದಲು ಹುಡುಗಿಯ ಅಮ್ಮನನ್ನು ಕರೆದು ತೋರಿಸಿದೆ. ಮೇಷ್ಟ್ರು ಅಡ್ಡ ಬರುವ ಜಾಗದಲ್ಲಿ ನಿಲ್ಲಿಸಿ, "ಈ ಬಾಣದ ಗುರುತು ಒತ್ತುತ್ತಾ ಹೋಗಿ ಅಕ್ಕ" ಅಂದೆ. ಅವರು ಒಂದೊಂದೇ ಫ್ರೇಮ್ ಒತ್ತಿ ನೋಡಿದರು. ಗೆರೆ ದಾಟುವಾಗ ಮಗಳ ಎರಡೂ ಕೈ ಮೇಲಿದ್ದವು. "ಇದನ್ನ ನನ್ನ ಫೋನಿಗೂ ಕಳ್ಸಿ, ಬ್ಲರ್ ಇಲ್ದೇ ಇರೋದು" ಅಂದರು.