ಓಮ್ನಿ ಚಡಾವು ಹತ್ತಬೇಕಾದರೆ: ಬದಿಯಡ್ಕದ ಟಯರ್ ಅಂಗಡಿಯ ಬಗ್ಗೆ

ನಮ್ಮದು ಜಂಬ್ರದ, ಅಂದರೆ ಮದುವೆ ಮುಂಜಿಯಂಥ ಸಮಾರಂಭಗಳ ಅಡಿಗೆ. ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಸುತ್ತಮುತ್ತ ಪಾತ್ರೆ ಸಾಮಾನು ಹೊತ್ತು ತಿರುಗುವುದು ಒಂದು ಮಾರುತಿ ಓಮ್ನಿ. ಈ ಕಡೆಯ ಮನೆಗಳು ಗೊತ್ತಲ್ವಾ? ರಸ್ತೆ ಗುಡ್ಡೆಯ ಮೇಲೆ, ಮನೆ ಕೆಳಗೆ ತೋಟದ ಬದಿಯಲ್ಲಿ. ಹೋಗುವಾಗ ಅಕ್ಕಿ, ತೆಂಗಿನಕಾಯಿ, ತರಕಾರಿ ಎಲ್ಲ ತುಂಬಿಕೊಂಡು ಇಳಿಯುತ್ತೇವೆ. ವಾಪಸು ಬರುವಾಗ ಗಾಡಿ ಹಗುರ, ಎದುರಿಗೆ ಚಡಾವು. ಮಳೆಗಾಲದಲ್ಲಂತೂ ಪಾಚಿ ಹಿಡಿದ ಕಾಂಕ್ರೀಟು, ಅದರಾಚೆ ಮುರಕಲ್ಲಿನ ಕೆಂಪು ಕೆಸರು. ಹಿಂದಿನ ಚಕ್ರ ನಿಂತಲ್ಲೇ ಗಿರ್ರನೆ ತಿರುಗುತ್ತದೆ.

ಓಮ್ನಿಯ ಎಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ, ಓಡಿಸುವುದು ಹಿಂದಿನ ಚಕ್ರ. ಹಿಂದೆ ಭಾರ ಇಲ್ಲದಿದ್ದರೆ ಆ ಚಕ್ರ ನೆಲಕ್ಕೆ ಕಚ್ಚುವುದಿಲ್ಲ. ಇನ್ನೊಂದು ಅಂಗಡಿಯಲ್ಲಿ ಅಗಲದ ಟಯರ್ ಹಾಕಿಸಿ, ಎಲ್ಲ ಸರಿಯಾಗುತ್ತದೆ ಅಂದಿದ್ದರು.

ಬದಿಯಡ್ಕದ ಈ ಟಯರ್ ಅಂಗಡಿಯವರು ಮೊದಲು ಕೇಳಿದ್ದೇ ಬೇರೆ: "ಯಾವ ದಾರಿಯಲ್ಲಿ ಓಡಾಟ ಭಟ್ರೇ? ಹಿಂದೆ ಎಷ್ಟು ಲೋಡು?" ಆಮೇಲೆ ಕುಕ್ಕರಗಾಲಲ್ಲಿ ಕೂತು ಟಯರಿನ ಗೆರೆಯೊಳಗೆ ಅಳತೆ ಕಡ್ಡಿ ಇಳಿಸಿದರು. ಎರಡು ಮಿಲಿಮೀಟರೂ ಇರಲಿಲ್ಲ. 1.6ಕ್ಕೆ ಇಳಿದರೆ ಕಾನೂನಿನ ಪ್ರಕಾರವೂ ಬದಲಿಸಬೇಕು, ಕೆಸರಿಗೆ ಅದಕ್ಕಿಂತ ಮೊದಲೇ ಬದಲಿಸುವುದು ಒಳ್ಳೆಯದು ಅಂದರು. ಅಗಲದ ಟಯರ್ ಬೇಡವೇ ಬೇಡ, ಲೋಡ್ ಹಾಕಿದಾಗ ಒಳಗಡೆ ಉಜ್ಜುತ್ತದೆ ಅಂತ ಖಂಡಿತವಾಗಿ ಹೇಳಿದರು. ಗಾಡಿಗೆ ಬಂದ ಅಳತೆಯೇ, 145 ಆರ್ 12, ಆರು ಪ್ಲೈ (ಪ್ಲೈ ಅಂದರೆ ಟಯರ್ ಎಷ್ಟು ಭಾರ ತಡೆಯುತ್ತದೆ ಎಂಬ ಲೆಕ್ಕ). ಆದರೆ ಹಿಂದಿನ ಎರಡಕ್ಕೂ ದಪ್ಪ ಲಗ್, ಅಂದರೆ ಕೆಸರಿಗೆ ಕಚ್ಚುವ ದೊಡ್ಡ ದೊಡ್ಡ ರಬ್ಬರ್ ಉಬ್ಬು, ಇರುವುದು. ಪಕ್ಕದಲ್ಲಿ ಒತ್ತಿದ ನಾಲ್ಕು ಅಂಕಿ ತೋರಿಸಿ, ಮೊದಲ ಎರಡು ಅಂಕಿ ಟಯರ್ ತಯಾರಾದ ವಾರ, ಕೊನೆಯ ಎರಡು ಅಂಕಿ ವರ್ಷ ಅಂತ ವಿವರಿಸಿದರು. ಹಳೇ ಸ್ಟಾಕ್ ದಾಟಿಸುವವರು ಆ ಅಂಕಿಗೆ ಬೆರಳು ಇಡುತ್ತಾರಾ?

ಹಿಮಾಲಯದ ಕಡೆ ಚಕ್ರಕ್ಕೆ ಸರಪಳಿ ಕಟ್ಟುತ್ತಾರಲ್ಲ, ಅದು ನಮಗೂ ಆಗುತ್ತದಾ ಎಂದು ಕೇಳಿದೆ. ಹಿಮದೊಳಗೆ ಸರಪಳಿ ಕಚ್ಚುತ್ತದೆ, ಅಲ್ಲೂ ಎಂಜಿನ್ ತಿರುಗಿಸುವ ಚಕ್ರಕ್ಕೇ ಕಟ್ಟುವುದು. ನಮ್ಮ ಕಾಂಕ್ರೀಟು, ಕಲ್ಲಿನ ಮೇಲೆ ಟಯರೂ ಸರಪಳಿಯೂ ಎರಡೂ ಹಾಳು ಅಂದರು. ಮಾರಾಟದ ಆಸೆ ಇದ್ದಿದ್ದರೆ ಏನಾದರೂ ತಲೆಗೆ ಕಟ್ಟಬಹುದಿತ್ತು.

ಅವರು ಹೇಳಿಕೊಟ್ಟ ಉಪಾಯಗಳಿಗೆ ಕಾಸು ಖರ್ಚಿಲ್ಲ. ವಾಪಸು ಬರುವಾಗ ಎರಡು ಮರಳಿನ ಚೀಲ ಹಿಂದಿನ ಆಕ್ಸಲ್ ಮೇಲೆ ಬರುವಂತೆ ಇಟ್ಟು ಬಿಗಿಯಾಗಿ ಕಟ್ಟುವುದು. ಕಟ್ಟದಿದ್ದರೆ ಬ್ರೇಕ್ ಹಾಕಿದಾಗ ಬೆನ್ನಿಗೆ ಬರುತ್ತದೆ. ತೀರಾ ಕೆಸರಿದ್ದರೆ ಹಿಂದಿನ ಗಾಳಿ ನಾಲ್ಕೈದು ಪಾಯಿಂಟ್ ಇಳಿಸುವುದು, ಟಾರು ರಸ್ತೆಗೆ ಬಂದ ಕೂಡಲೇ ತುಂಬಿಸುವುದು. ಇನ್ನೊಂದು ನನಗೆ ತುಂಬಾ ಉಪಕಾರ ಆಯಿತು. ಒಂದೇ ಚಕ್ರ ಜಾರುತ್ತಿದ್ದರೆ ಡಿಫರೆನ್ಷಿಯಲ್ (ಎಂಜಿನ್ನಿನ ಬಲವನ್ನು ಎರಡು ಚಕ್ರಕ್ಕೆ ಹಂಚುವ ಗಿಯರು) ಆ ಸಡಿಲ ಚಕ್ರವನ್ನೇ ತಿರುಗಿಸುತ್ತಾ ಇರುತ್ತದೆ. ಆಗ ಹ್ಯಾಂಡ್ ಬ್ರೇಕ್ ಒಂದೆರಡು ಹಲ್ಲು ಎಳೆದು ನಿಧಾನ ಆಕ್ಸಿಲರೇಟರ್ ಕೊಟ್ಟರೆ ಇನ್ನೊಂದು ಚಕ್ರಕ್ಕೂ ಸ್ವಲ್ಪ ಬಲ ಸಿಗುತ್ತದೆ. ಅಡೂರಿನ ಹತ್ತಿರ ಒಂದು ತೋಟದ ದಾರಿಯಲ್ಲಿ, ಕೆಲಸದ ಹುಡುಗರು ತಳ್ಳಲು ಇಳಿಯುವ ಮೊದಲೇ ಗಾಡಿ ಮೇಲೆ ಬಂತು.

ಕೊರತೆಯೂ ಇದೆ. ಲಗ್ ಟಯರು ಟಾರಿನಲ್ಲಿ ಜಾಸ್ತಿ ಸದ್ದು ಮಾಡುತ್ತದೆ. ಒಂದಕ್ಕೆ ₹3,000ದ ಹತ್ತಿರ ಬಿತ್ತು, ಸಾದಾ ಟಯರಿಗಿಂತ ಜಾಸ್ತಿಯೇ. ಅಂಗಡಿಯಲ್ಲಿ ಬ್ಯಾಲೆನ್ಸಿಂಗ್ ಮೆಷಿನ್ ಇಲ್ಲ, ಅದಕ್ಕೆ ಕಾಸರಗೋಡಿಗೆ ಹೋಗಬೇಕು. ಕೂರಲು ಒಂದೇ ಬೆಂಚು.

ಆದರೂ ತೋಟದ ದಾರಿಯಲ್ಲಿ ಓಮ್ನಿ, ಈಕೋ ಓಡಿಸುವವರಿಗೆ ಧೈರ್ಯವಾಗಿ ಹೇಳುತ್ತೇನೆ, ಅಲ್ಲಿಗೇ ಹೋಗಿ. ಮೇ ತಿಂಗಳಲ್ಲೇ ಹೋದರೆ ಒಳ್ಳೆಯದು, ಮಳೆ ಶುರುವಾದ ಮೇಲೆ ಅಂಗಡಿ ಎದುರು ಗಾಡಿಗಳ ಸಾಲು ಇರುತ್ತದೆ.